ಮಗಳ ಸೂಜಿಯ ಹೆಸರಿಗೆ ಕೀಲಿ ಹಾಕಿದವರು

“ತೆಗಿ ಅಂದ್ರ ತೆಗಿ! ಎಂಟು ತಿಂಗಳ ಬಸರಿ ಜ್ವರದಾಗ ಸುಡಲತ್ತಾಳ, ನೀ ನನಗ ಪಾಸ್‌ವರ್ಡಿನ ಪುರಾಣ ಹೇಳಲತ್ತೀ?”

ಗುರುಬಾಯಿ ಮೇಜಿಗೆ ಹೊಡೆದ ಏಟಿಗೆ ಗುಳಿಗೆಯ ಡಬ್ಬಿಯೊಂದು ಉರುಳಿ ಕೆಳಗೆ ಬಿತ್ತು. ಹೊರಗೆ ಪಾಳಿ ಹಚ್ಚಿ ಕೂತಿದ್ದವರು ಬಾಗಿಲಲ್ಲಿ ಬಂದು ಇಣುಕಿದರು.

“ನನ್ನ ಮ್ಯಾಲ ಒದರಬ್ಯಾಡ್ರಿ ಅಕ್ಕಾ,” ಎಂದಳು ನರ್ಸ್ ವಿದ್ಯಾವತಿ. ಅವಳ ದನಿಯೂ ಏರಿತ್ತು. “ದಾಖಲಿ ಬಂದ್ ಮಾಡಿದಾಕಿ ನಾ ಅಲ್ಲ. ಕಂಪನಿಯವ್ರು. ಮುಂಜಾನಿಂದ ಎಂಟು ಸಲ ಫೋನ್ ಹಚ್ಚೀನಿ. ಕರಾರು ಮುಗದದ, ಹೊಸಾ ಕರಾರಿಗಿ ಸಹಿ ಮಾಡ್ರಿ, ಆಮ್ಯಾಲ ತೆಗೀತೀವಿ ಅಂತಾರ.”

“ಅವ್ರ್ಯಾರು ತೆಗೀಲಿಕ್ಕ? ನನ್ನ ಮಗಳನ್ನ ಅವ್ರ ಮನಿಗಿ ಕೊಟ್ಟೀನೇನು? ಎರಡು ವರ್ಷದ ಹಿಂದ ಇದೇ ಖೋಲ್ಯಾಗ ಸೂಜಿ ಮಾಡಿದ್ರಿ. ಇದೇ ಪೆಟಿಗ್ಯಾಗ ಬರಕೊಂಡ್ರಿ. ಈಗ ಆ ಸೂಜಿ ಹೆಸರೇನು ಅಂತ ಕೇಳಿದ್ರ ಕಂಪನಿ ಕಡಿ ಬೊಟ್ಟು ಮಾಡ್ತೀರಿ!”

ಮೇಜಿನ ಮೇಲಿದ್ದ ಕಂಪ್ಯೂಟರಿನ ಪರದೆಯಲ್ಲಿ ಒಂದು ಕೆಂಪು ಚೌಕ. ಅದರೊಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಅಷ್ಟೇ. ಊರಿನ ನಾಲ್ಕು ವರ್ಷದ ಜ್ವರ, ಬಾಣಂತನ, ಸಕ್ಕರೆ ಕಾಯಿಲೆ, ಮಕ್ಕಳ ಲಸಿಕೆ, ಎಲ್ಲವೂ ಆ ಚೌಕದ ಹಿಂದೆ ಕೂತಿದ್ದವು.

ಈ ಊರು ಮರಾಠಿ ಸೀಮೆಯಲ್ಲಿ, ಉಮರ್ಗಾ ತಾಲೂಕಿನ ತುರೋರಿಯಿಂದ ಒಳಗೆ ಬಂದರೆ ಸಿಗುತ್ತದೆ. ಗುರುಬಾಯಿಯ ಮಗಳು ಜಯಮಾಲಾಳನ್ನು ಕಾಸಾರಶಿರಸಿಗೆ ಕೊಟ್ಟಿದೆ. ನಡುವೆ ಜಿಲ್ಲೆಯ ಗಡಿ ಇದೆ. ಬಸ್ಸಿನಲ್ಲಿ ಕೂತವರಿಗೆ ಆ ಗಡಿ ಗೊತ್ತಾಗುವುದಿಲ್ಲ, ಕಾಗದಪತ್ರಗಳಿಗೆ ಮಾತ್ರ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ಜಯಮಾಲಾ ತವರಿಗೆ ಬಂದಾಗ ಮೂರು ತಿಂಗಳ ಬಸಿರು ಇಳಿದಿತ್ತು. ಆಗ ಇದೇ ಆರೋಗ್ಯ ಕೇಂದ್ರದಲ್ಲಿ ಒಂದು ಸೂಜಿ ಮಾಡಿದರು. ಮಾಡಿ ಐದು ನಿಮಿಷಕ್ಕೆ ಅವಳ ಮುಖ ಊದಿತು, ತುಟಿ ನೀಲಿಯಾಯಿತು, ಉಸಿರು ಸಿಕ್ಕಿಹಾಕಿಕೊಂಡಿತು. ಹೇಗೋ ಉಳಿಸಿದರು. “ಈ ಔಷಧ ಈಕಿಗಿ ಜನ್ಮದಾಗ ಕೊಡಬಾರ್ದು” ಎಂದು ಆಗಿನ ಡಾಕ್ಟರ್ ಒಂದು ಕಾಗದದಲ್ಲಿ ಬರೆದುಕೊಟ್ಟರು, ಕಂಪ್ಯೂಟರಿನಲ್ಲೂ ಬರೆಸಿದರು. ಆ ಡಾಕ್ಟರಿಗೂ ಆಗಿನ ನರ್ಸಿಗೂ ಬೇರೆಡೆ ವರ್ಗವಾಗಿದೆ. ಫೋನ್ ಮಾಡಿ ಕೇಳಿದ್ದಾಯಿತು. ಎರಡು ವರ್ಷದ ಹಿಂದಿನ ಒಂದು ಸೂಜಿ ಯಾರಿಗೆ ನೆನಪಿರುತ್ತದೆ?

ಈಗ ಜಯಮಾಲಾ ಹೆರಿಗೆಗೆಂದು ತವರಿಗೆ ಬಂದು ಹತ್ತು ದಿನವಾಗಿತ್ತು. ಬಾಗಿಲ ಪಕ್ಕದ ಬೆಂಚಿನ ಮೇಲೆ, ಅಣ್ಣನ ಹೆಂಡತಿ ಯೋಗಿತಾಳ ಹೆಗಲಿಗೆ ತಲೆ ಒರಗಿಸಿ ನಡುಗುತ್ತಿದ್ದಳು.

ಒಳಗಿಂದ ಡಾಕ್ಟರ್ ಬಂದರು. ಹೊಸಬರು. “ಮೂತ್ರದ ಸೋಂಕು ಕಿಡ್ನಿಗಿ ಏರಿದಂಗ ಕಾಣ್ತದ,” ಎಂದರು. “ಇದಕ್ಕ ಒಂದು ಚಲೋ ಸೂಜಿ ಅದ. ಆದ್ರ ಅದೇ ಸೂಜಿ ಆಗಿದ್ರ? ಹೆಸರು ಗೊತ್ತಿಲ್ಲದ ನಾ ಇಲ್ಲಿ ಧೈರ್ಯ ಮಾಡಂಗಿಲ್ಲ. ಅವಾಗ ಕೊಟ್ಟ ಕಾಗದ ಎಲ್ಲಿ ಅದ ಅಕ್ಕಾ?”

ಇಷ್ಟು ಹೊತ್ತು ಗುಡುಗುತ್ತಿದ್ದ ಗುರುಬಾಯಿ ಬಗ್ಗಿ, ಬಿದ್ದಿದ್ದ ಡಬ್ಬಿ ಎತ್ತಿ ಮೇಜಿನ ಮೇಲಿಟ್ಟಳು.

“ಈಕಿನ್ನೇ ಕೇಳ್ರಿ ಸಾಹೇಬ್ರ,” ಎಂದ ಗಂಡ ಮಾಣಿಕಪ್ಪ. “ಘಟಾ ಕೂಡೂ ಮುಂದ ಹಂಡೆ ಒಲಿಗಿ ಹಾಕ್ಯಾಳ.”

ಮಹಾನವಮಿಗೆ ಘಟ ಕೂಡುವ ಮುಂಚೆ ಇವರ ಮನೆಯಲ್ಲಿ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಹೋಗುತ್ತವೆ, ಗೋಡೆ ಸಾರಿಸುತ್ತಾರೆ. ರೋಗದ ಕಾಗದ ಮನೆಯಲ್ಲಿದ್ದರೆ ರೋಗ ಮರಳಿ ದಾರಿ ಹುಡುಕಿಕೊಂಡು ಬರುತ್ತದೆ ಎಂದು ಗುರುಬಾಯಿಯ ಅತ್ತೆ ಹೇಳುತ್ತಿದ್ದಳು. ಅದಕ್ಕೇ ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಟ್ಟು ಮಾಡಿ ನೀರೊಲೆಗೆ ಹಾಕುವುದು. ಅದೇ ಬಿಸಿನೀರಿನಲ್ಲಿ ಮನೆಮಂದಿಯೆಲ್ಲ ಮೈ ತೊಳೆದುಕೊಳ್ಳುವುದು.

“ನಿಮ್ಮವ್ವನೇ ಕಲಿಸಿದ್ದು!” ಎಂದು ಗುರುಬಾಯಿ ಗಂಡನ ಮೇಲೆ ಹರಿಹಾಯ್ದಳು. “ಸುಡು ಮುಂದ ನೀವೂ ಬಾಜೂಕೇ ಇದ್ರಿ. ನೀರು ಚಲೋ ಕಾಯ್ದಾವ ಅಂತ ಎರಡು ಕೊಡ ಜಾಸ್ತಿ ಸುರಕೊಂಡ್ರಿ. ಅವಾಗ ಬಾಯಾಗ ಏನ್ ಇಟ್ಕೊಂಡಿದ್ರಿ?”

ಡಾಕ್ಟರ್ ತಡಮಾಡದೆ ಆಂಬುಲೆನ್ಸ್ ಕರೆಸಿ ಉಮರ್ಗಾಕ್ಕೆ ಕಳಿಸಿದರು.

ಉಮರ್ಗಾದ ಆಸ್ಪತ್ರೆಯಲ್ಲೂ ಮೊದಲ ಪ್ರಶ್ನೆ ಅದೇ. “ಯಾವ ಸೂಜಿ?” ಗುರುಬಾಯಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಆಗ ಅಲ್ಲಿನ ಡಾಕ್ಟರಮ್ಮ ಇನ್ನೊಂದು ಕೇಳಿದರು. ಈ ಸಲ ತಪಾಸಣೆ ಎಲ್ಲಿ ಮಾಡಿಸಿದ್ದು? ಗಂಡನ ಊರಿನ ಕಡೆ, ನಿಲಂಗಾ ತಾಲೂಕಿನ ಆರೋಗ್ಯ ಕೇಂದ್ರದಲ್ಲಿ ಎಂದಳು ಜಯಮಾಲಾ. ಫೋನ್ ಹೋಯಿತು. ನಿನ್ನ ದಾಖಲೆ ಕಳಿಸಲೇ ಎಂದು ಅಲ್ಲಿನವರು ಜಯಮಾಲಾಳನ್ನೇ ಕೇಳಿದರು. ಹೂಂ ಎಂದಳು. ಅರ್ಧ ತಾಸಿನಲ್ಲಿ ಎಲ್ಲ ಬಂತು: ತಿಂಗಳು ತಿಂಗಳಿನ ತೂಕ, ರಕ್ತದೊತ್ತಡ, ರಕ್ತದ ಗುಂಪು, ಸ್ಕ್ಯಾನಿಂಗ್. ಕೊನೆಯಲ್ಲಿ ಒಂದು ಸಾಲು ಇತ್ತು. “ಹಿಂದೆ ಸೂಜಿಯಿಂದ ಜೀವಕ್ಕೆ ಅಪಾಯ ಆಗಿತ್ತು. ಔಷಧದ ಹೆಸರು ರೋಗಿಗೆ ಗೊತ್ತಿಲ್ಲ. ತವರಿನ ಕೇಂದ್ರದಲ್ಲಿ ವಿಚಾರಿಸಬೇಕು.”

ತವರಿನ ಕೇಂದ್ರದಲ್ಲಿ ವಿಚಾರಿಸಬೇಕಂತೆ. ವಿಚಾರಿಸಲು ಅಲ್ಲಿ ಕೆಂಪು ಚೌಕ ಒಂದೇ ಇತ್ತು!

ಡಾಕ್ಟರಮ್ಮ ಸೌಮ್ಯವಾದ ಔಷಧ ಹಚ್ಚಿದರು. ಎರಡು ದಿನ ಕಾದರು. ಜ್ವರ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗುರುಬಾಯಿಯನ್ನು ಹೊರಗೆ ಕರೆದು ಹೇಳಿದರು. “ಇನ್ನ ತಡಾ ಮಾಡಿದ್ರ ತಾಯಿಗೂ ಕೂಸಿಗೂ ಕಷ್ಟ ಅದ. ಮಧ್ಯಾಹ್ನಕ್ಕ ಜೋರಿನ ಸೂಜಿ ಸುರು ಮಾಡ್ಲೇಬೇಕು. ಅದೇ ಆಗಿದ್ರ ಅನ್ನೋ ಭಯ ನಮಗೂ ಅದ. ಎಲ್ಲಾ ತಯಾರಿ ಇಟ್ಕೊಂಡೇ ಕೊಡ್ತೀವಿ. ಹೆಸರು ಸಿಕ್ಕಿದ್ರ ಮಾತ್ರ ಬ್ಯಾರೇನರ ಮಾಡಬಹುದು.”

ಅಷ್ಟರಲ್ಲಿ ವಿದ್ಯಾವತಿಯ ಫೋನ್ ಬಂತು. “ಅಕ್ಕಾ, ಕಂಪನಿ ಮನಷಾ ಇವತ್ತು ಹನ್ನೊಂದಕ್ಕ ಬರ್ತಾನ. ಸಮಿತಿ ಮುಂದ ಹೊಸಾ ಕರಾರು ಇಡ್ತಾನ.”

ಗುರುಬಾಯಿ ಮಗಳನ್ನು ಯೋಗಿತಾಳಿಗೆ ಒಪ್ಪಿಸಿದಳು. ಸಿಕ್ಕ ಜೀಪಿನಲ್ಲಿ ನಿಂತುಕೊಂಡೇ ಊರಿಗೆ ಬಂದಳು. ದಾರಿಯಲ್ಲೇ ಫೋನ್ ಮಾಡಿ ತನ್ನ ಬಚತ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರನ್ನೆಲ್ಲ ಆರೋಗ್ಯ ಕೇಂದ್ರಕ್ಕೆ ಬರಹೇಳಿದಳು.

ಕೇಂದ್ರದ ಉಸ್ತುವಾರಿ ಸಮಿತಿ ಪಡಸಾಲೆಯಲ್ಲಿ ಕೂತಿತ್ತು. ಪಂಚಾಯಿತಿಯ ಸರಪಂಚ ಕಲ್ಯಾಣಪ್ಪ ಅಧ್ಯಕ್ಷ. ಮಾಣಿಕಪ್ಪನೂ ಒಬ್ಬ ಸದಸ್ಯ. ಕಂಪನಿಯವನು ಇನ್ನೂ ಬಂದಿರಲಿಲ್ಲ.

“ಸಹಿ ಮಾಡಿ ಬಿಡೂಣು,” ಎನ್ನುತ್ತಿದ್ದ ಮಾಣಿಕಪ್ಪ. “ನನ್ನ ಮಗಳ ಸೂಜಿ ಹೆಸರು ಸಿಗ್ಲಿ. ಬಾಕಿ ವಿಷಯ ಆಮ್ಯಾಲ ನೋಡೂಣು.”

“ಕಾಕಾ, ಮೊದಲ ಹೆಸರು ಇಸಗೋಳ್ಳೂಣು, ಸಹಿ ಬ್ಯಾಡ,” ಎಂದಳು ವಿದ್ಯಾವತಿ. “ಇವತ್ತ ಸಹಿ ಮಾಡ್ತೀರಿ. ಎರಡು ವರ್ಷ ಬಿಟ್ಟು ಮತ್ತ ಇದೇ ಕೆಂಪು ಚೌಕ. ಅವಾಗ ಯಾರ ಮಗಳು ಇಲ್ಲಿ ಕೂತಿರ್ತಾಳ? ನಿಮ್ಮ ಮಗಳ ಅತ್ತಿಮನಿ ಕಡಿ ಹ್ಯಾಂಗ ಅರ್ಧ ತಾಸಿನಾಗ ಎಲ್ಲಾ ಬಂತು? ಅಲ್ಲಿ ಓಪನ್ ಸೋರ್ಸ್ ಅಂತ ದಾಖಲಿ ಇಡೂ ಪದ್ಧತಿ ಅದ. ಅದನ್ನ ಮಾಡೂ ರೀತಿ ಎಲ್ಲರಿಗೂ ತೆರದದ. ಯಾರ ಬೇಕಾದ್ರೂ ಕಲೀಬಹುದು, ದುರಸ್ತಿ ಮಾಡಬಹುದು. ಒಬ್ಬಾತ ಮುನಿಸಿಕೊಂಡು ಹೋದ್ರ ಇನ್ನೊಬ್ಬಾತನ್ನ ಕರೀಬಹುದು. ನಡೂಕ ನಿಂತು ಯಾರೂ ಕೀಲಿ ಜಡಿಲಿಕ್ಕ ಆಗಲ್ಲ.”

“ಅದೇ ನನಗ ಅಂಜಿಕಿ,” ಎಂದ ಮಾಣಿಕಪ್ಪ. “ಎಲ್ಲರಿಗೂ ತೆರದದ ಅಂದ್ರ ಎಲ್ಲರೂ ನೋಡ್ತಾರ. ನನ್ನ ಮೂಲವ್ಯಾಧಿ ಸುದ್ದಿ ತುರೋರಿ ಚಹಾದಂಗಡ್ಯಾಗ ಓದ್ತಾರೇನು?”

“ಅದು ಎಲ್ಲರಿಗೂ ಗೊತ್ತೇ ಅದ, ನೀನೇ ಹೇಳ್ಕೋತ ತಿರಗ್ತಿ,” ಎಂದಳು ಬಚತ ಗಟದ ಕುಸುಮಬಾಯಿ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ವಿದ್ಯಾವತಿ ನಗಲಿಲ್ಲ. “ಕಾಕಾ, ಶೇಂಗಾ ಹೋಳಿಗಿ ಹ್ಯಾಂಗ ಮಾಡ್ಬೇಕು ಅಂತ ಈ ಊರಾಗ ಎಲ್ಲರಿಗೂ ಗೊತ್ತದ. ಹಂಗಂತ ನಿಮ್ಮ ಮನಿ ಡಬ್ಬಿಗಿ ಕುಸುಮಕ್ಕ ಬಂದು ಕೈ ಹಾಕ್ತಾಳೇನು? ತೆರದಿದ್ದು ಮಾಡೂ ರೀತಿ. ಡಬ್ಬಿ ನಿಮ್ಮದು. ಡಾಕ್ಟರಿಗಿ ಒಂದು ಗುರುತು, ನನಗ ಒಂದು ಗುರುತು. ಯಾರು ಯಾವಾಗ ಯಾರ ಹೆಸರು ತೆಗದು ನೋಡಿದ್ರು ಅನ್ನೋದೂ ಅದರಾಗ ದಾಖಲ್ ಆಗ್ತದ.”

“ಮತ್ತ ಫುಕಟ್ ಮಾಲು?” ಎಂದು ಕಲ್ಯಾಣಪ್ಪ ಮೂಗು ಮುರಿದ. “ಫುಕಟ್ ಎತ್ತಿಗಿ ಹಲ್ಲಿರಲ್ಲ.”

“ಫುಕಟ್ ಅಂತ ನಾ ಹೇಳಿಲ್ಲ ಸರಪಂಚರ. ಪ್ರತಿ ವರ್ಷ ಪರವಾನಗಿ ಬೇಡಬೇಕಾಗಿಲ್ಲ, ಅಷ್ಟೇ. ಕೆಲಸಂತೂ ಭಾಳ ಅದ. ನಾವು ಕಲೀಬೇಕು. ದಿನಾ ಒಂದು ನಕಲು ತೆಗದು ಬ್ಯಾರೆ ಕಡಿ ಇಡಬೇಕು. ಕರೆಂಟ್ ಹೋದ್ರ ಕಾಗದದಾಗ ಬರದು ಆಮ್ಯಾಲ ಏರಿಸಬೇಕು. ಕೆಟ್ಟರ ನೋಡಲಿಕ್ಕ ಉದಗೀರದಾಗ ಇದನ್ನ ಕಲಿತವರು ಇದ್ದಾರ. ಅವರಿಗೂ ದುಡಿದದ್ದು ಕೊಡಬೇಕು. ಆದ್ರ ನಮ್ಮ ದಾಖಲಿ ನಮ್ಮ ಕೈಯಾಗ ಇರ್ತದ.”

ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಕಾರು ನಿಂತಿತು. ಕಂಪನಿಯ ಸಂಜುಕುಮಾರ ಇಳಿದ. ಇಸ್ತ್ರಿ ಅಂಗಿ, ಕೈಯಲ್ಲಿ ಪೇಡೆಯ ಡಬ್ಬಿ. ಭಾಲ್ಕಿ ಕಡೆಯವನು, ಮಾತು ಬೆಣ್ಣೆ.

“ನಮಸ್ಕಾರ ಸರಪಂಚರ, ನಮಸ್ಕಾರ ಕಾಕಾ, ನಮಸ್ಕಾರ ಮಾವಶಿ. ಎಲ್ಲಾ ಮಜೇದಾಗ?”

ಉತ್ತರಕ್ಕೂ ಕಾಯದೆ ಮೇಜಿನ ಮೇಲೆ ಕರಾರಿನ ಕಾಗದ ಹರಡಿದ. “ನಿಮ್ಮ ಮಾಹಿತಿ ಎಲ್ಲೂ ಹೋಗಿಲ್ಲ, ಚಿಂತಿ ಬ್ಯಾಡ್ರಿ,” ಎಂದ. “ಅನುಮಾನ ಇದ್ರ ಈಗೇ ತೋರಸ್ತೀನಿ. ಒಂದು ಮಿನಿಟು.”

ಪಡಸಾಲೆಗೆ ತಂದಿಟ್ಟಿದ್ದ ಕಂಪ್ಯೂಟರಿನ ಮುಂದೆ ಕೂತ. ತನ್ನ ಮೊಬೈಲ್ ನೋಡಿ ಏನೋ ಒತ್ತಿದ. ಕೆಂಪು ಚೌಕ ಮಾಯವಾಯಿತು.

“ನೋಡ್ರಿ! ಎಲ್ಲಾ ಇದ್ದಲ್ಲೇ ಅದ. ಯಾರದರ ಹೆಸರು ಹೇಳ್ರಿ.”

“ಜಯಮಾಲಾ,” ಎಂದಳು ಗುರುಬಾಯಿ. “ಅಪ್ಪನ ಹೆಸರು ಮಾಣಿಕಪ್ಪ.”

ಸಂಜುಕುಮಾರ ಉತ್ಸಾಹದಿಂದ ಒತ್ತಿದ. ಪರದೆ ತುಂಬಿತು. ಎರಡು ವರ್ಷದ ಹಿಂದಿನ ತಾರೀಖು, ಬಸಿರು ಇಳಿದದ್ದು, ಸೂಜಿ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಔಷಧದ ಹೆಸರು. ಡಾಕ್ಟರ್ ಬಗ್ಗಿ ಓದಿದರು. ಓದಿದವರೇ ಜೇಬಿನಿಂದ ಫೋನ್ ತೆಗೆಯುತ್ತ ಅಂಗಳಕ್ಕೆ ಓಡಿದರು. ಉಮರ್ಗಾಕ್ಕೆ ಅವರು ಕೂಗಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. “ಕೊಡಬ್ಯಾಡ್ರಿ ಮೇಡಂ! ಅದೇ ಸೂಜಿ! ಕೊಟ್ಟಿಲ್ಲ ಹೌದಲ್ಲ? ಇನ್ನೂ ಕೊಟ್ಟಿಲ್ಲ ಹೌದಲ್ಲ?”

ಹೆಂಗಸರು ಅವರ ಹಿಂದೆಯೇ ಅಂಗಳಕ್ಕೆ ಇಳಿದರು.

ಡಾಕ್ಟರ್ ಹಿಂದಿರುಗಿ ಬಂದು ಗೋಡೆಗೆ ಒರಗಿದರು. “ಕೊಟ್ಟಿಲ್ಲ. ಸೂಜಿ ತಂದಿಟ್ಟಿದ್ರು. ಈಗ ಬ್ಯಾರೆ ಔಷಧ ಸುರು ಮಾಡ್ತಾರ.”

ಮಾಣಿಕಪ್ಪ ಟೋಪಿ ತೆಗೆದು ಮುಖ ಒರೆಸಿಕೊಂಡ. ಗುರುಬಾಯಿ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಅವಳ ಸಿಟ್ಟು ನಿಧಾನವಾಗಿ, ಕುದಿಯುವ ಎಣ್ಣೆಯ ಹಾಗೆ, ಸದ್ದಿಲ್ಲದೆ ಏರುತ್ತಿತ್ತು.

“ಒಂದು ಮಿನಿಟು,” ಎಂದಳು. “ನಿನಗ ಇದು ಒಂದು ಮಿನಿಟಿನ ಕೆಲಸ?”

“ಹೌದು ಮಾವಶಿ, ನಮ್ಮ ಸಿಸ್ಟಮ್ ಭಾಳ ಫಾಸ್ಟ್...”

“ಮೂರು ದಿನಾ! ಮೂರು ದಿನಾ ಈ ಸಿಸ್ಟರ್ ನಿಮಗ ಫೋನ್ ಮಾಡ್ಯಾಳ. ಬಸರಿ ಹೆಣ್ಮಗಳು ಅಂತ ಹೇಳ್ಯಾಳ. ಜೀವಕ್ಕ ಬಂದದ ಅಂತ ಹೇಳ್ಯಾಳ. ನೀನು ಕೂತಲ್ಲೇ ಒಂದು ಗುಂಡಿ ಒತ್ತಿದ್ರ ಮುಗೀತಿತ್ತು. ಒತ್ತಲಿಲ್ಲ. ಈಗ ಮಾಲು ಮಾರಲಿಕ್ಕ ಬಂದಿ, ಈಗ ಒತ್ತಿದಿ!”

“ನನ್ನ ಕೈಯಾಗ ಏನೂ ಇಲ್ಲ ಮಾವಶಿ. ಕಂಪನಿ ಪಾಲಸಿ.”

“ಪಾಲಸಿಗಿ ಜ್ವರಾ ಬರ್ತದೇನು? ಪಾಲಸಿ ಹಡೀತದೇನು? ನಾ ಕಾಗದ ಸುಟ್ಟೀನಿ. ಹೌದು, ಸುಟ್ಟೀನಿ. ನನ್ನದು ಮೂರ್ಖತನ. ಎಲ್ಲರ ಮುಂದ ಒಪ್ಕೋತೀನಿ. ಆದ್ರ ನಾ ಗೊತ್ತಿಲ್ಲದ ಸುಟ್ಟೆ. ನೀನು ಗೊತ್ತಿದ್ದೂ ಮುಚ್ಚಿಟ್ಟಿ. ಆಕಿ ರಕ್ತ ಆಕಿದು, ನೋವು ಆಕಿದು, ಬರದಾಕಿ ನಮ್ಮ ಸರ್ಕಾರಿ ಸಿಸ್ಟರ್. ನಡೂಕ ಚಾವಿ ನಿನ್ನದು ಹ್ಯಾಂಗಾಯ್ತು?”

ಸಂಜುಕುಮಾರ ಕರಾರಿನ ಕಾಗದವನ್ನು ಮೆಲ್ಲಗೆ ಮಾಣಿಕಪ್ಪನ ಕಡೆ ಸರಿಸಿದ. ಮಗಳ ಅಪ್ಪನಾದರೂ ಸಹಿಗೆ ಒಪ್ಪಿಯಾನು ಎಂದು ಅವನ ಲೆಕ್ಕ. “ಕಾಕಾ, ನೀವರ ತಿಳಿಸಿ ಹೇಳ್ರಿ.”

ಮಾಣಿಕಪ್ಪ ಟೋಪಿ ಹಾಕಿಕೊಂಡ. ಎದ್ದು ನಿಂತ. ಜೀವಮಾನದಲ್ಲಿ ಹೆಂಡತಿಯ ಮಾತಿಗೆ ನಾಲ್ಕು ಜನರ ಮುಂದೆ ಹೂಂ ಎಂದವನಲ್ಲ.

“ಆಕಿ ಹೇಳಿದ್ದು ಬರೋಬ್ಬರ್ ಅದ,” ಎಂದ. “ಕಲ್ಯಾಣಪ್ಪ, ಠರಾವು ಬರಿ. ಸಿಸ್ಟರ್ ಹೇಳೂ ಆ ತೆರದ ರೀತಿದೇ ಹಾಕೂಣು. ಮೊದಲ ಸಹಿ ನನ್ನದು. ಮಾಲು ಹಲ್ಲಿಲ್ಲದ್ದಿದ್ರೂ ನಡೀತದ, ನಮ್ಮನ್ನ ಕಚ್ಚೂ ಮಾಲು ಬ್ಯಾಡ.”

ಕಲ್ಯಾಣಪ್ಪ ಒಂದು ಗಳಿಗೆ ವಿದ್ಯಾವತಿಯನ್ನು ನೋಡಿದ, ಒಂದು ಗಳಿಗೆ ಅಂಗಳದಲ್ಲಿ ನಿಂತ ಹೆಂಗಸರನ್ನು ನೋಡಿದ. ಠರಾವಿನ ಪುಸ್ತಕ ತೆರೆದ.

ವಿದ್ಯಾವತಿ ಮುಂದೆ ಬಂದಳು. ಅವಳ ದನಿಯಲ್ಲಿ ಈಗ ಏರಿಳಿತವಿರಲಿಲ್ಲ. “ಸಂಜುಕುಮಾರ ಅವ್ರ, ಈಗ ತೆರದೇ ಅದ ಅಲ್ಲ. ಈ ಊರಿನ ಎಲ್ಲರ ದಾಖಲಿನೂ ನಕಲು ಮಾಡಿ ಕೊಡ್ರಿ. ಇನ್ನೊಂದರಾಗ ಏರಿಸಿಕೊಳ್ಳಲಿಕ್ಕ ಬರೂ ಹಂಗ ಕೊಡ್ರಿ. ನಾಲ್ಕು ವರ್ಷದ್ದು.”

“ಅದು ಕರಾರಿನಾಗ ಇಲ್ಲ,” ಎಂದ ಅವನು. ಬೆಣ್ಣೆ ಕರಗಿಹೋಗಿತ್ತು. ಮೊಬೈಲ್ ಒತ್ತಿದ. ಎಲ್ಲರ ಕಣ್ಣೆದುರೇ ಕೆಂಪು ಚೌಕ ಮರಳಿ ಬಂತು.

“ಅಲ್ಲಿ ನನ್ನ ಮೊಮ್ಮಗಳ ಲಸಿಕಿ ತಾರೀಖು ಅವ!” ಎಂದು ಕುಸುಮಬಾಯಿ ಕೂಗಿದಳು. “ನನ್ನ ಬಿಪಿದು ಅದ! ಏ, ಎಲ್ಲಿಗಿ ನಡದಿ?”

ಸಂಜುಕುಮಾರ ಕಾಗದ ಮಡಚಿಕೊಂಡ, ಪೇಡೆಯ ಡಬ್ಬಿಯನ್ನೂ ಬಗಲಿಗಿಟ್ಟುಕೊಂಡ. ಹೆಂಗಸರ ನಡುವೆ ದಾರಿ ಮಾಡಿಕೊಂಡು ನಡೆದ. ಕಾರು ಧೂಳೆಬ್ಬಿಸಿ ಹೆದ್ದಾರಿಯ ಕಡೆ ಹೋಯಿತು. ಆಮೇಲೆ ಅವನು ಬರಲಿಲ್ಲ. ಸಮಿತಿ ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ಈಗ ಸಮಿತಿಯ ದೂರು ಜಿಲ್ಲೆಗೆ ಹೋಗಿದೆ.

ಓದುವ ಅಕ್ಕಂದಿರೆ, ಕೇಳುವ ಅಣ್ಣಂದಿರೆ, ಜಯಮಾಲಾಳ ಜ್ವರ ಇಳಿಯಿತು. ಹೆಸರು ಸಿಕ್ಕಿದ್ದರಿಂದ ಇಳಿಯಿತು. ಆ ಹೆಸರು ಸಿಕ್ಕಿದ್ದು ಒಬ್ಬ ಮಾರಾಟಗಾರನ ಜಂಬದಿಂದ. ನಮ್ಮ ಮಕ್ಕಳ ಜೀವ ಮಾರಾಟಗಾರರ ಜಂಬದ ಮೇಲೆ ನಿಲ್ಲಬೇಕೇ? ಆ ಊರಿನ ನಾಲ್ಕು ವರ್ಷದ ದಾಖಲೆ ಕೀಲಿಯ ಹಿಂದೆಯೇ ಉಳಿಯಿತು. ಈಗ ವಿದ್ಯಾವತಿ ಮತ್ತು ಬಚತ ಗಟದವರು ಮನೆ ಮನೆಗೆ ಹೋಗಿ, ಉಳಿದ ಚೀಟಿಗಳನ್ನು ನೋಡಿ, ಹೊಸದರಲ್ಲಿ ಒಂದೊಂದೇ ಏರಿಸುತ್ತಿದ್ದಾರೆ. ಎಷ್ಟೋ ಮನೆಯಲ್ಲಿ ಚೀಟಿಯೇ ಇಲ್ಲ.

ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ? ನಾಳೆಯೇ ಹೋಗಿ ಕೇಳಿ. ಇದರ ಚಾವಿ ಯಾರ ಕೈಯಲ್ಲಿದೆ ಎಂದು ಕೇಳಿ. ಕರಾರು ಮುಗಿದ ದಿನ ನಮ್ಮ ದಾಖಲೆ ನಮಗೆ ಸಿಗುತ್ತದೆಯೇ, ಇನ್ನೊಂದು ಆಸ್ಪತ್ರೆಯಲ್ಲಿ ಅದನ್ನು ತೆರೆದು ಓದಲು ಬರುತ್ತದೆಯೇ ಎಂದು ಕೇಳಿ. ಉತ್ತರ ತೊದಲಿದರೆ ಸಮಿತಿಗೆ ಹೋಗಿ, ಗ್ರಾಮಸಭೆಗೆ ಹೋಗಿ, ಓಪನ್ ಸೋರ್ಸ್ ದಾಖಲೆ ಪದ್ಧತಿ ಬೇಕು ಎಂದು ಠರಾವು ಬರೆಸಿ. ಆಸ್ಪತ್ರೆಯ ಕಾಗದವನ್ನು ಹಬ್ಬವಿರಲಿ, ಹರಿದಿನವಿರಲಿ, ಸುಡಬೇಡಿ. ನಿಮಗೆ ಯಾವ ಔಷಧ ಆಗುವುದಿಲ್ಲವೋ ಅದರ ಹೆಸರನ್ನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿ. ಮರ್ಯಾದೆಯಿಂದ ಕೇಳಿ. ಮರ್ಯಾದೆಯಿಂದ ಕೇಳಿದ್ದು ಕೇಳಿಸದಿದ್ದರೆ ಗುರುಬಾಯಿಯ ಹಾಗೆ ಮೇಜು ಬಡಿದು ಕೇಳಿ. ನಿಮ್ಮ ಮೈಯ ಸುದ್ದಿ ನಿಮ್ಮದು.